ರಖಮಾ ತೋಪಿನ ಧೋಂಡಿಬಾ

ನಾನು ಕಾಣುವ ಹೊತ್ತಿಗೆ ಧೋಂಡಿಬಾ ಎಂಬತ್ತರ ಮುದುಕ. ಕಿವಿ ಪೂರಾ ಮಂದ. ಕರಂಜಗಡದ ಕೋಟೆಯಲ್ಲಿ ನಲವತ್ತು ವರ್ಷ ದಿನವೂ ಬೆಳಗಿನ ಹತ್ತು ಗಂಟೆಯ ತೋಪು ಹಾರಿಸಿದವನಿಗೆ ಕಿವಿ ಎಲ್ಲಿ ಉಳಿದೀತು? ಮುಂದಿನ ಸಂಗತಿಯನ್ನು ಅವನೇ ನಗುನಗುತ್ತ, ಓಣಿಗೆಲ್ಲ ಕೇಳುವಂತೆ ಕೂಗಿ ಕೂಗಿ ಹೇಳಿದ್ದ.

ನಮ್ಮ ಮಹಾರಾಜರು ತೀರಿಕೊಂಡಾಗ ಅವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ದತ್ತುಮಗನಿದ್ದ. ದತ್ತು ನಡೆಯದೆಂದು ಹೇಳಿ ಕಂಪನಿ ಸರಕಾರ ಸಂಸ್ಥಾನವನ್ನೇ ತೆಗೆದುಕೊಂಡಿತು. ಕಚೇರಿಗೆ ಹೊಸ ಸಾಹೇಬ ಬಂದ. ಇನ್ನು ತೋಪು ಹಾರಿಸಬಾರದು, ಮೂರನೆಯ ದಿನ ಅದನ್ನು ಕರಗಿಸಲು ಪುಣೆಗೆ ಸಾಗಿಸಬೇಕು ಎಂಬುದು ಅವನ ಮೊದಲ ಅಪ್ಪಣೆ. ಆ ಹಿತ್ತಾಳೆ ತೋಪಿನ ಹೆಸರು ರಖಮಾ. ದಿನವೂ ಅದಕ್ಕೆ ಎಣ್ಣೆ ತಿಕ್ಕಿ ಕುಂಕುಮವಿಡುತ್ತಿದ್ದ ಧೋಂಡಿಬಾ ಅಂದು ಊಟವನ್ನೇ ಮಾಡಲಿಲ್ಲ.

“ನನಗ ಒಂದಿನಾನೂ ಎಣ್ಣಿ ಹಚ್ಚಲಿಲ್ಲ ನೀವು. ಆ ಸವತಿ ಹೋದರ ಹೋಗಲಿ ಬಿಡ್ರಿ,” ಎಂದು ಹೆಂಡತಿ ಸಗುಣಾ ರೇಗಿಸಿದಳು. ಆದರೆ ಕಣ್ಣೊರೆಸಿಕೊಂಡವಳೂ ಅವಳೇ.

ಮರುದಿನ ಹತ್ತು ಗಂಟೆಗೆ ಸಾಹೇಬ ಕಚೇರಿಯಲ್ಲಿ ಒಬ್ಬನೇ ಕುಳಿತಿದ್ದ. ತೋಪು ಹಾರಿದ ಮೇಲೆಯೇ ಪಗಡಿ ಸುತ್ತಿಕೊಂಡು ಕಚೇರಿಗೆ ಹೊರಡುವುದು ನಮ್ಮೂರಿನ ರೂಢಿ. ಸಾಹೇಬ ಜವಾನನನ್ನು ಶಿರಸ್ತೇದಾರ ಬಾಳಂಭಟ್ಟರ ಮನೆಗೆ ಅಟ್ಟಿದ. ಭಟ್ಟರು ಆರಾಮವಾಗಿ ತೂಗುಮಂಚದ ಮೇಲಿದ್ದರು.

“ತೋಪು ಹಾರಿಲ್ಲಲ್ಲೋ ತಮ್ಮಾ. ಹೊತ್ತಾಗದ ಹ್ಯಾಂಗ ಬರಲಿ?”

ಎರಡನೆಯ ದಿನ ಸಾಹೇಬ ತೋಪಿನ ಬದಲು ಗಂಟೆ ಬಾರಿಸಿದ. ಮಂಗಳಾರತಿಯೆಂದು ತಿಳಿದು ನಾಲ್ವರು ಮುದುಕಿಯರು ತೆಂಗಿನಕಾಯಿ ಹಿಡಿದು ಬಂದರು. ಗುಮಾಸ್ತರು ಬರಲಿಲ್ಲ.

ಮೂರನೆಯ ದಿನ ರಖಮಾಳಿಗೆ ಹಗ್ಗ ಬಿಗಿಯುತ್ತಿರುವಾಗ ಸಾಹೇಬ ಮುಖ ಕೆಂಪಗೆ ಮಾಡಿಕೊಂಡು ಕೋಟೆಗೇ ಹತ್ತಿ ಬಂದ.

“ಏ, ಹಾರಿಸು!” ಎಂದು ಧೋಂಡಿಬಾನಿಗೆ ಹೇಳಿದ.

“ಇವತ್ತ ಹಾರಿಸ್ತೀನ್ರಿ ಸಾಹೇಬ್ರ. ನಾಳೆ ಈಕಿ ಪುಣೆದಾಗ ಇದ್ದರ ನಿಮ್ಮ ಕಚೇರಿಗೆ ಯಾರು ಬರತಾರ್ರಿ?”

ಸಾಹೇಬ ಮೀಸೆ ಕಚ್ಚಿದ. ಕೂಲಿಗಳ ಕಡೆ ತಿರುಗಿ, “ಬಿಚ್ಚಿರಿ ಹಗ್ಗ,” ಎಂದ. ಜೇಬಿನಿಂದ ಗಡಿಯಾರ ತೆಗೆದ. “ಹತ್ತಾಯಿತು. ಹೂಂ!”

“ಎಲ್ಲಿ ಆಗೇತ್ರಿ? ರಾಣಿಸಾಹೇಬ್ರ ಮನ್ಯಾಗ ಗಳಿಗೆ ಬಟ್ಟಲು ಇನ್ನೂ ಮುಳುಗಿಲ್ಲ.”

ಹೊತ್ತು ಅಳೆಯಲು ನೀರಿನಲ್ಲಿ ತೇಲಿಬಿಟ್ಟ ಆ ತೂತಿನ ಬಟ್ಟಲು ಮುಳುಗಿದೊಡನೆ ದಾಸಿಯೊಬ್ಬಳು ಕಿಟಕಿಯಿಂದ ಕೆಂಪು ಬಟ್ಟೆ ಬೀಸುವುದು ಹಳೆಯ ಕ್ರಮ. ಸಾಹೇಬ ಬಿಸಿಲಲ್ಲಿ ನಿಂತು ಕಾದ. ಕೆಂಪು ಬಟ್ಟೆ ಕಾಣಿಸಿತು, ರಖಮಾ ಗುಡುಗಿದಳು. ಕೆಳಗೆ ಓಣಿ ಓಣಿಯಲ್ಲಿ ಕದಗಳು ತೆರೆದವು. ಎಲ್ಲರಿಗಿಂತ ಮುಂದೆ, ಪಗಡಿ ಸುತ್ತಿಕೊಳ್ಳುತ್ತ, ಬಾಳಂಭಟ್ಟರು.

ಆ ಸಾಹೇಬ ಊರಲ್ಲಿದ್ದಷ್ಟು ಕಾಲವೂ ದಿನಾ ತೋಪು ಕೇಳಿದ ಮೇಲೆ ತನ್ನ ಗಡಿಯಾರದ ಮುಳ್ಳನ್ನು ತೋಪಿಗೆ ಸರಿಯಾಗಿ ಹತ್ತಕ್ಕೆ ತಿರುಗಿಸಿಕೊಳ್ಳುತ್ತಿದ್ದನಂತೆ.