ಡೈನಮೊಗೆ ಕಟ್ಟಿದ ತೊಗಲು ಪಟ್ಟಿ

ಬ್ಯಾಟರಿ ಸತ್ತಿತು ಅಂತ ಟ್ರ್ಯಾಕ್ಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅದೇನು ತಾನಾಗಿ ಸಾಯುವ ಪ್ರಾಣಿಯೇ? ಎಂಜಿನ್ ಓಡುವಾಗ ಡೈನಮೊ ತಿರುಗಬೇಕು, ಡೈನಮೊ ಹುಟ್ಟಿಸಿದ ಕರೆಂಟು ಬ್ಯಾಟರಿ ಸೇರಬೇಕು. ದಿನಾ ತೆಗೆಯುವುದೇ ಆಗಿ, ತುಂಬುವುದು ನಿಂತರೆ ಕಣಜವೂ ಬರಿದಾಗುತ್ತದೆ. ಇಷ್ಟನ್ನು ನಾನು ಶಿರಾದ ಬಸ್ಸಿನ ಷೆಡ್ಡಿನಲ್ಲೇ ಕಲಿತಿದ್ದೆ. ಆದರೂ ಪಾವಗಡ ರಸ್ತೆಯ ಆ ಹಳ್ಳಿಯಲ್ಲಿ, ಒಬ್ಬನ ಜೀವ ನನ್ನ ಬ್ಯಾಟರಿಯ ಮೇಲೆ ನಿಂತಿದ್ದ ದಿನ, ಕಲಿತದ್ದು ಯಾವುದೂ ಕೈಹಿಡಿಯಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ಬೇಸಿಗೆ ಅದು. ಇದ್ದಿಲು ಗ್ಯಾಸಿನ ಬಸ್ಸುಗಳ ಹೊಗೆ ಕುಡಿದೂ ಕುಡಿದೂ ನನಗೆ ಕೆಮ್ಮು ಅಂಟಿಕೊಂಡಿತ್ತು. ಆ ಊರಿನ ಗೌಡರು ಬೆಂಗಳೂರಿನ ಹರಾಜಿನಲ್ಲಿ ಹಳೆಯ ಟ್ರ್ಯಾಕ್ಟರೊಂದನ್ನು ಹಿಡಿದು ತಂದಿದ್ದರು. “ಓಡ್ಸಾಕೆ ಬತ್ತೀಯೇನಲಾ ಸಾಬಿ?” ಅಂದರು. ಹೊಗೆ ತಪ್ಪಿದರೆ ಸಾಕು ಅಂತ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಬೇಸಿಗೆಯಲ್ಲಿ ಅದಕ್ಕೆ ಉಳುವ ಕೆಲಸವಿರಲಿಲ್ಲ. ತೋಟದ ಬಾವಿಯ ದಡದಲ್ಲಿ ನಿಲ್ಲಿಸಿ, ಅದರ ಗಾಲಿಗೆ ಕ್ಯಾನ್ವಾಸ್ ಬೆಲ್ಟು ಹಾಕಿ ಪಂಪು ತಿರುಗಿಸುವುದೇ ಕೆಲಸ.

ಅದಕ್ಕೆ ಮುಂಚೆ ಅದೇ ಬಾವಿಗೆ ಕಪಿಲೆ ಇತ್ತು. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆಲ್ಲ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಟ್ರ್ಯಾಕ್ಟರ್ ಬಂದ ಗತ್ತಿನಲ್ಲಿ ಗೌಡರು ಎತ್ತು ಮಾರಿದರು, ಕಪಿಲೆಯ ಕಂಬ ಕೀಳಿಸಿ ಸೌದೆ ಮಾಡಿದರು. ಆಯಸ್ಸೆಲ್ಲ ಕಪಿಲೆ ಹೊಡೆದಿದ್ದ ಮುದುಕನನ್ನು ಮಾತ್ರ ಬಿಡಲಿಲ್ಲ. ಎಂಜಿನ್ನಿಗೆ ಕಾವಲಿರು ಅಂದರು. ಅವನು ಹಗ್ಗದ ಮಂಚ ತಂದು ಟ್ರ್ಯಾಕ್ಟರಿನ ಪಕ್ಕದಲ್ಲೇ ಹಾಕಿಕೊಂಡ.

“ಏಮಪ್ಪಾ ಸಾಯ್ಬು,” ಅನ್ನುತ್ತಿದ್ದ, “ನಿನ್ ಎತ್ತು ಹುಲ್ಲು ತಿನ್ನಲ್ಲ, ಸೀಮೆಎಣ್ಣೆ ಕುಡೀತೈತೆ. ಕುಡೀಲಿ ಬುಡು. ಒಂದಿಷ್ಟು ಸಗಣೀನಾರಾ ಹಾಕ್ಬಾರ್ದಾ?” ನಾನು ರೇಗುತ್ತಿದ್ದೆ, ಅವನು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ. ನನ್ನ ಅಪ್ಪ ಸತ್ತ ಮೇಲೆ ನನ್ನನ್ನು ಹಾಗೆ ರೇಗಿಸಿದವರು ಯಾರೂ ಇರಲಿಲ್ಲ. ಅವನಿಗೆ ಒಬ್ಬನೇ ಮಗ, ನನ್ನದೇ ವಯಸ್ಸು. ಆ ಬೇಸಿಗೆಯಲ್ಲಿ ಗೌಡರು ಬಾವಿಯನ್ನು ಆಳ ಮಾಡಿಸುತ್ತಿದ್ದರು, ಮಗ ತಳದಲ್ಲಿ ಕಲ್ಲು ಒಡೆಯುತ್ತಿದ್ದ.

ಹೀಗಿರುವಾಗ ಡೈನಮೊ ತಿರುಗಿಸುವ ರಬ್ಬರ್ ಪಟ್ಟಿ ಹರಿಯಿತು. ತುಮಕೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿಗೆ ಹೋದವರೂ ಬರಿಗೈಲಿ ಬಂದರು. ಆಗ ಮುದುಕನೇ ಹಳೆಯ ಕಪಿಲೆಯ ತೊಗಲು ಹುಡುಕಿ, ಹದವಾದ ಕಡೆ ಕೊಯ್ದು, ಹೊಲಿಸಿ ಒಂದು ಪಟ್ಟಿ ಮಾಡಿಕೊಟ್ಟ. ಹಾಕಿದೆ. ಡೈನಮೊ ತಿರುಗಿತು, ಮೀಟರಿನ ಮುಳ್ಳು ಬಲಕ್ಕೆ ವಾಲಿತು. ಮುಳ್ಳು ಬಲಕ್ಕೆ ವಾಲಿದರೆ ಬ್ಯಾಟರಿ ತುಂಬುತ್ತಿದೆ ಅಂತ ಲೆಕ್ಕ. ಮುದುಕ ಊರಿಗೆಲ್ಲ ಹೇಳಿಕೊಂಡು ಬಂದ.

ಕೆಲವು ದಿನಗಳಲ್ಲೇ ಮುಳ್ಳು ಮೊಂಡು ಹಿಡಿಯಿತು. ಬೆಳಿಗ್ಗೆ ಎಂಜಿನ್ ಓಡುವಾಗ ನಟ್ಟನಡುವೆ ನಿಂತಿರುತ್ತಿತ್ತು. ಡೈನಮೊ ಬಿಚ್ಚಿದೆ. ಒಳಗೆ ಕರೆಂಟು ದಾಟಿಸುವ ಇದ್ದಿಲಿನ ತುಂಡುಗಳು ಸವೆದಿದ್ದವು. ಹೊಸವು ಎಲ್ಲಿಂದ ಬರಬೇಕು? ಟಾರ್ಚಿನ ಹಳೆಯ ಸೆಲ್ಲು ಒಡೆದು ಅದರ ಕರಿ ಕಡ್ಡಿಯನ್ನು ಉಜ್ಜಿ ಉಜ್ಜಿ ಅಳತೆಗೆ ತಂದು ಕೂರಿಸಿದೆ. ತಂತಿ ಕಟ್ಟುವ ಬ್ಯಾಟರಿಯ ಕಿವಿಗೆ ಬೆಳೆದಿದ್ದ ಬಿಳಿ ಬೂಷ್ಟನ್ನು ಬಿಸಿನೀರಿನಲ್ಲಿ ತೊಳೆದೆ. ಅದರ ಹೊಟ್ಟೆಗೆ ಆ ಸೀಮೆಯ ಬಾವಿಯ ಗಡಸು ನೀರು ಹಾಕದೆ, ಗಡಿಗೆಯಲ್ಲಿ ಹಿಡಿದಿಟ್ಟಿದ್ದ ಮಳೆನೀರನ್ನೇ ಹಾಕಿದೆ. ಮಧ್ಯಾಹ್ನ ಎಂಜಿನ್ ಓಡಿಸಿ ನೋಡಿದರೆ ಮುಳ್ಳು ಜೋರಾಗಿ ಬಲಕ್ಕೆ! ಪಟ್ಟಿಯನ್ನು ಹೆಬ್ಬೆರಳಿನಲ್ಲಿ ಒತ್ತಿದೆ, ಬಿಗಿಯಾಗಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಹಾಡು. ಮಧ್ಯಾಹ್ನ ಸರಿ, ಬೆಳಿಗ್ಗೆ ಕೆಟ್ಟದ್ದು. ಇದ್ಯಾವ ಶನಿ ಅಂತ ಶಪಿಸಿದೆ. ಆದರೆ ರಾತ್ರಿ ಜಿನುಗಿದ ನೀರನ್ನು ಹೊರಹಾಕಿದ ಮೇಲೆಯೇ ಕೆಲಸದವರು ಕೆಳಗಿಳಿಯಬೇಕು, ಆದ್ದರಿಂದ ದಿನಾ ಎಂಜಿನ್ ಓಡುತ್ತಿದ್ದದ್ದೇ ಬೆಳಗಿನ ಹೊತ್ತು, ಅದೂ ಸ್ವಲ್ಪ ಹೊತ್ತು; ಬ್ಯಾಟರಿ ತುಂಬುತ್ತಲೇ ಇರಲಿಲ್ಲ.

ಆ ದಿನ ಬೆಳಿಗ್ಗೆ ಎಂಜಿನ್ ಗೊಣಗುತ್ತಲೇ ಎದ್ದು, ನೀರು ಹೊರಹಾಕಿತು. ನಿಲ್ಲಿಸಿದೆ. ಮುದುಕನ ಮಗ ಇಳಿದ. ಹಿಂದಿನ ದಿನ ಮದ್ದಿಟ್ಟು ಸಿಡಿಸಿದ್ದರಿಂದ ಪಕ್ಕದ ಗೋಡೆಯಲ್ಲಿ ಒಂದು ಬಂಡೆಗುಂಡು ಸಡಿಲವಾಗಿತ್ತಂತೆ. ಅವನು ಅದರ ಬುಡಕ್ಕೆ ಹಾರೆ ಹಾಕಿದ್ದೇ ತಡ, ಜಾರಿ ಬಂದು ಅವನ ಎಡಗಾಲನ್ನು ಮೊಣಕಾಲಿನವರೆಗೆ ಕಚ್ಚಿಕೊಂಡಿತು. ಗುಂಡು ಬಿಟ್ಟ ಜಾಗದಿಂದ ಸೆಲೆ ಒಡೆದು ನೀರು ಬುಗ್ಗೆಯಾಗಿ ನುಗ್ಗಿತು. ಬೇಸಿಗೆಯೆಲ್ಲ ಆ ನೀರಿಗಾಗಿಯೇ ಅಗೆದಿದ್ದರು!

“ಎಂಜಿನ್ ಎಬ್ಸೋ ಸಾಬಿ!” ಅಂತ ಗೌಡರು ಕಿರುಚಿದರು. ನೀರು ಕೆಳಗಿದ್ದರೆ ಉಳಿ ಸುತ್ತಿಗೆ ಹಿಡಿದು ಗುಂಡನ್ನು ಒಡೆಯಬಹುದು, ಕಾಲು ಬಿಡಿಸಬಹುದು. ನೀರೊಳಗೆ ಸುತ್ತಿಗೆ ಏಳುತ್ತದೆಯೇ? ಸ್ಟಾರ್ಟರ್ ಒತ್ತಿದೆ. ಟಿಕ್ ಅಂದು ಸುಮ್ಮನಾಯಿತು. ಹ್ಯಾಂಡಲ್ ಹಾಕಿ, ಕೈ ಕಿತ್ತುಬರುವಂತೆ ತಿರುಗಿಸಿದೆ. ಆ ಟ್ರ್ಯಾಕ್ಟರಿಗೆ ಕಿಡಿಯೂ ಬ್ಯಾಟರಿಯಿಂದಲೇ ಬರಬೇಕು, ಕಿಡಿ ಇಲ್ಲ. ಬ್ಯಾಟರಿಯ ತಂತಿ ಬಿಚ್ಚಿ ಕೆರೆದೆ, ಕಟ್ಟಿದೆ, ಮತ್ತೆ ಕೆರೆದೆ. ಮುದುಕ ಆಗಲೇ ಹಗ್ಗ ಹಿಡಿದು ಬಾವಿಗೆ ಇಳಿದಿದ್ದ. ಕೆಳಗಿನಿಂದ ಅವನ ದನಿ ಬರುತ್ತಿತ್ತು, “ಎದುರ್ಕಬ್ಯಾಡ ಮಗ, ಸಾಯ್ಬು ಅವ್ನೆ, ಈಗ ಎಬ್ಬುಸ್ತಾನೆ.”

ಬಸ್ಸು ತಡೆದು ಅದರ ಬ್ಯಾಟರಿ ತರಲು ಆಳೊಬ್ಬ ರಸ್ತೆಗೆ ಓಡಿದ. ನಾನು ಡೈನಮೊ ಕಡೆ ಬಗ್ಗಿ ಪಟ್ಟಿಗೆ ಕೈ ಹಾಕಿದೆ. ನೆನೆದ ತೊಗಲು ಜೋಲಾಗಿತ್ತು, ಅಂಗೈ ತುಂಬ ಹೊಂಗೆಣ್ಣೆ. ಬಿಂದಿಗೆ ಹಿಡಿದು ಬಂದ ದನ ಕಾಯುವವಳೊಬ್ಬಳು ನನ್ನ ಕೈ ನೋಡಿ, “ಅಜ್ಜಯ್ಯ ಕೋಳಿ ಕೂಗೋ ಹೊತ್ಗೇ ದಿನಾ ಆ ಪಟ್ಟಿಗೆ ನೀರು ಎಣ್ಣೆ ಕಾಣುಸ್ತಾನೆ ಕಣಣ್ಣ, ಕಪಿಲೆ ಮಿಣಿಗೆ ಹಾಕ್ದಂಗೆ,” ಅಂದಳು. ಕಪಿಲೆಯ ಮಿಣಿ, ಅಂದರೆ ತೊಗಲಿನ ಹಗ್ಗ, ಒಣಗಿದರೆ ಸೀಳುತ್ತದೆ, ಅದಕ್ಕೆ ನೀರೂ ಎಣ್ಣೆಯೂ ಬೇಕೇ ಬೇಕು. ಡೈನಮೊ ಪಟ್ಟಿಗೆ ಅದೇ ವಿಷ. ಬೆಳಿಗ್ಗೆ ಎಣ್ಣೆ ಕುಡಿದು ಜಾರುತ್ತಿತ್ತು, ಬಿಸಿಲೇರಿದ ಮೇಲೆ ಒಣಗಿ ಹಿಡಿಯುತ್ತಿತ್ತು. ಮಗ ಇಳಿಯುವ ಬಾವಿಯ ಎಂಜಿನ್ನು ಚೆನ್ನಾಗಿರಲಿ ಅಂತ ಅಪ್ಪ ಮಾಡಿದ ಕೆಲಸ. ಅಯ್ಯೋ ದೇವರೇ ಅಂದೆ. ಆದರೆ ರೋಗ ಗೊತ್ತಾದರೆ ಖಾಲಿ ಬ್ಯಾಟರಿ ತುಂಬುತ್ತದೆಯೇ?

ಊರಿನವರೆಲ್ಲ ಸಾಲು ನಿಂತು ಬಿಂದಿಗೆಯಲ್ಲಿ ನೀರು ಮೊಗೆದರು. ಮೊಗೆದಷ್ಟೂ ಬಂತು. ಕಾಲು ಕಡಿಯಿರಿ ಅಂತ ಮಗನೇ ಕೂಗಿದನಂತೆ. ಕೊಡಲಿ ಇಳಿಸುವ ಹೊತ್ತಿಗೆ ನೀರು ಎದೆಗೆ ಬಂದಿತ್ತು. ಗದ್ದಕ್ಕೆ ಬಂತು. ಯಾರೋ ಪರಂಗಿ ಎಲೆಯ ಟೊಳ್ಳು ದಂಟು ಕಿತ್ತು ಎಸೆದರು. ಅದನ್ನು ಬಾಯಿಗಿಟ್ಟುಕೊಂಡು ನೀರೊಳಗಿಂದ ಉಸಿರಾಡಿದ. ಮುದುಕ ಒಂದು ಕೈಯಲ್ಲಿ ದಂಟನ್ನು, ಇನ್ನೊಂದರಲ್ಲಿ ಮಗನ ಕೈಯನ್ನು ಹಿಡಿದುಕೊಂಡು ಕಾಲು ಬಡಿಯುತ್ತ ತೇಲುತ್ತಿದ್ದ. ನಾನು ದಡದ ಮೇಲಿಂದ ಎಲ್ಲವನ್ನೂ ನೋಡಿದೆ.

ಬಸ್ಸಿನ ಬ್ಯಾಟರಿಯನ್ನು ಕುಕ್ಕೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದರು. ತಂತಿ ಕಟ್ಟಿ ಒತ್ತಿದ್ದೇ ತಡ ಎಂಜಿನ್ ಎದ್ದು ಕೂತಿತು. ಆ ಸದ್ದನ್ನು ಕೇಳಿ ಜನ ಹೋ ಅಂತ ಕೂಗಿದರು. ಪಂಪು ನೀರು ಕಕ್ಕಿತು, ಬಾವಿ ಇಳಿಯಿತು. ಮೊದಲು ಕಂಡದ್ದು ತೇಲುತ್ತಿದ್ದ ದಂಟು, ಅದರ ತುದಿಯನ್ನೂ ನೀರು ಆಗಲೇ ದಾಟಿತ್ತು. ಆಮೇಲೆ ಅವನ ತಲೆ, ಎದೆಯ ಮೇಲೆ ಬಾಗಿತ್ತು. ಮುದುಕ ಕೈ ಬಿಟ್ಟಿರಲಿಲ್ಲ.

ಮಗನ ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ಮುದುಕ ನೇರವಾಗಿ ನನ್ನ ಹತ್ತಿರ ಬಂದ. “ಸಾಯ್ಬು, ಅವತ್ತು ಯಾಕೆ ಎದ್ದೇಳಲಿಲ್ಲ ನಿನ್ ಎಂಜಿನ್ನು?”

“ಕಲ್ಲು ಬಿದ್ದಾಗ್ಲೇ ಅವನ ಕತೆ ಮುಗ್ದಿತ್ತು ಕಣಜ್ಜ. ಎದ್ದಿದ್ರೂ ಅಷ್ಟೆ.”

“ಬಾಯಾಗೆ ದಂಟಿತ್ತು, ಮಾತು ಬತ್ತಿರಲಿಲ್ಲ. ನನ್ ಕೈ ಅದುಮ್ತಿದ್ದ. ಮುಗ್ದೋದೋನು ಕೈ ಅದುಮ್ತಾನೇನಪ್ಪ?” ಅಂದ. ಅವನು ಟ್ರ್ಯಾಕ್ಟರಿನ ಕಡೆ ತಿರುಗಿದ. “ಪಟ್ಟಿಗೇನಾರಾ ಆಗಿತ್ತಾ? ನಾನು ದಿನಾ ಅದನ್ನ…”

“ಪಟ್ಟಿ ಬಂಗಾರದಂಗಿತ್ತು,” ಅಂತ ಮಾತು ಕತ್ತರಿಸಿದೆ. “ತಪ್ಪು ನಂದು. ಬ್ಯಾಟರಿಗೆ ನೀರು ನೋಡಾದು ಮರೆತುಬುಟ್ಟೆ.”

ಅವನು ನನ್ನ ಕೆನ್ನೆಗೆ ಬಾರಿಸಿದ, ಆ ವಯಸ್ಸಿನಲ್ಲಿ ಎಲ್ಲಿತ್ತೋ ಅಷ್ಟು ಬಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಮೇಲೆ ತೂರಿದ. “ನಿನ್ ಹೊಟ್ಟೇಲಿ ಹುಟ್ಟೋದೂ ಇಂಗೇ ಸಾಯ್ಲಿ ಕಣೋ! ನೀನೂ ಕೈ ಹಿಡ್ಕೊಂಡು ನೋಡು!” ನನ್ನ ಹೆಂಡತಿ ಆಗ ತುಂಬು ಬಸುರಿ, ಅದು ಅವನಿಗೂ ಗೊತ್ತಿತ್ತು. ಗುಡಿಸಿಲಿನ ಬಾಗಿಲಲ್ಲಿ ನಿಂತು ಅವಳು ಅದನ್ನು ಕೇಳಿಸಿಕೊಂಡಳು. ನನಗೆ ಕೋಪ ನೆತ್ತಿಗೇರಿತು, ಸುಳ್ಳು ಯಾಕೆ ಹೇಳಲಿ. ಪಟ್ಟಿಯ ಎಣ್ಣೆಯ ಬಗ್ಗೆ ಒಂದೇ ಮಾತು ಸಾಕಿತ್ತು, ಅವನು ನಿಂತಲ್ಲೇ ಮುಗಿದುಹೋಗುತ್ತಿದ್ದ. ಕಣ್ಣಿಗೆ ಬಿದ್ದ ಮಣ್ಣನ್ನು ಒರೆಸಿಕೊಂಡೆ.

“ಮನೆಗೆ ಓಗಜ್ಜ,” ಅಂದೆ, “ಬಿಸ್ಲು ಏರ್ತಾ ಐತೆ.”