ನಿನ್ನ ಪಕ್ಕದ ಢೋಲಿನವಳು

ಶಾಂಭವಿ, ನಿನ್ನ ಎಡಗಣ್ಣು ಹೋದದ್ದು ಆಕಸ್ಮಿಕವಲ್ಲ. ನಾನು ಹೊಡೆದೆ. ಬೇಕೆಂದೇ ಹೊಡೆದೆ. ಆಮೇಲೆ ಆ ತಪ್ಪನ್ನು ನಿನ್ನ ತಲೆಗೇ ಕಟ್ಟಿದೆ — ಒಂಬತ್ತು ವರ್ಷದಿಂದ ನೀನು ಅದನ್ನು ನಿನ್ನದೇ ತಪ್ಪೆಂದು ನಂಬಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೀಯ, ನಾನು ಕೇಳಿಸಿಕೊಂಡು ಸುಮ್ಮನಿದ್ದೇನೆ.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಮೊದಲು 'ಕೈ ತಪ್ಪಿ ತಾಗಿತು' ಎಂದು ಬರೆದೆ, ಹರಿದು ಹಾಕಿದೆ. ಆಮೇಲೆ ನಮ್ಮ ಮನೆಯ ಕಷ್ಟ, ಅಪ್ಪನ ಸಿಟ್ಟು ಅಂತೆಲ್ಲ ಶುರುಮಾಡಿದೆ — ಅದೂ ಸುಳ್ಳು. ಹುಬ್ಬಳ್ಳಿಯಿಂದ ಈ ಮರಾಠಿ ಊರಿಗೆ ಬಂದು ಹಿಂಗಣಾದ ಕಾರ್ಖಾನೆಯಲ್ಲಿ ದುಡಿದ ನಮ್ಮಪ್ಪ ಒಂದು ದಿನವೂ ನನ್ನ ಮೇಲೆ ಕೈಯೆತ್ತಿದವರಲ್ಲ. ಸಿಟ್ಟು ನನ್ನದು. ಚಿಕ್ಕಂದಿನಿಂದಲೂ ನನ್ನದೇ.

ನೀನು ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ ನಾನು ಎರಡನೇ ವರ್ಷದಲ್ಲಿದ್ದೆ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ದಿನ ಗೇಟಿನಲ್ಲಿ ಅವರ ಹಣೆಗೆ ಕುಂಕುಮವಿಟ್ಟು, ನಮ್ಮ ಢೋಲ್-ತಾಶಾ ತಂಡದ ಹಿಂದೆ ಮೆರವಣಿಗೆಯಲ್ಲಿ ಮೈದಾನಕ್ಕೆ ಕರೆತರುವುದು ಅಲ್ಲಿನ ಪದ್ಧತಿ. ಬೇರೆಯವರಿಗೆ ಅದು ಸ್ವಾಗತ ಸಮಾರಂಭ, ನನಗೆ ಯುದ್ಧ. ಹಗ್ಗ ಉಜ್ಜಿ ಸೊಂಟ ಕಪ್ಪಗಾಗುತ್ತಿತ್ತು, ಅಂಗೈ ಒಡೆಯುತ್ತಿತ್ತು. ಢೋಲಿನ ಮೇಲೆ ನನ್ನ ರಕ್ತದ ಕಲೆ ಕಂಡರೆ ನನಗೆ ಹೆಮ್ಮೆ. ಬಡಿಯುವುದೇ ಸುಖ — ಇದನ್ನು ಆಗ ಯಾರಾದರೂ ಗಮನಿಸಬೇಕಿತ್ತು, ನಾನೇ ಗಮನಿಸಬೇಕಿತ್ತು.

ನೀನು ಮೈಸೂರಿನ ಏರ್‌ಫೋರ್ಸ್ ಕುಟುಂಬದ ಹುಡುಗಿ, ಮನೀಶ್ ನಗರದಲ್ಲಿ ಮನೆ, ಶಾಲೆಯಲ್ಲಿದ್ದಾಗಲೇ ಗಣಪತಿ ಮೆರವಣಿಗೆಯಲ್ಲಿ ಢೋಲ್ ಬಾರಿಸಿದವಳು. ನಿನ್ನನ್ನು ತಂಡಕ್ಕೆ ಕರೆತಂದವಳೇ ನಾನು. ಊರು ಬಿಟ್ಟು ಬಂದವರಿಗೆ ಇನ್ನೊಂದು ಕನ್ನಡದ ಬಾಯಿ ಸಿಕ್ಕರೆ ಎಷ್ಟು ಖುಷಿ! "ನಮ್ಮ ಹುಡುಗಿ" ಎಂದು ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ನೀನು ನನಗಿಂತ ಚೆನ್ನಾಗಿ ಬಾರಿಸುತ್ತೀಯ ಎಂದು ಮೊದಲ ದಿನವೇ ಗೊತ್ತಾಯಿತು. ಹೊಟ್ಟೆ ಉರಿಯಿತು, ಆದರೂ ನಗುತ್ತಲೇ ಇದ್ದೆ.

ಸಮಾರಂಭಕ್ಕೆ ನಾಲ್ಕು ದಿನವಿರುವಾಗ ನಮ್ಮ ತಂಡದ ಮುಖ್ಯಸ್ಥ ಪ್ರಸಾದ್ ದಾದಾ ಹೇಳಿದ: "ನವೀನಾಂಚಂ ಸ್ವಾಗತ್ ಆಹೇ ನಾ? ಮಗ್ ನವೀನ್ ಮುಲ್ಗೀಚ್ ಪುಢೇ." ಹೊಸಬರ ಸ್ವಾಗತ, ಹಾಗಾದರೆ ಹೊಸ ಹುಡುಗಿಯೇ ಮುಂದೆ. ಮೊದಲ ಸಾಲಿನ ನಟ್ಟನಡುವಿನ ಜಾಗ, ಒಂದು ವರ್ಷ ಕಾದಿದ್ದ ನನ್ನ ಜಾಗ, ನಿನ್ನದಾಯಿತು. ನನ್ನನ್ನು ನಿನ್ನ ಎಡಗಡೆಗೆ ಸರಿಸಿದರು.

ಆದರೂ ಅದಕ್ಕಾಗಿ ಹೊಡೆಯಲಿಲ್ಲ. ನಿಜವಾದ ಕಾರಣ ಇನ್ನೂ ಸಣ್ಣದು, ಹೇಳಿಕೊಳ್ಳಲು ಹೇಸಿಗೆಯಾಗುವಷ್ಟು ಸಣ್ಣದು. ಮೈದಾನಕ್ಕೆ ಬಂದು ನಿಂತು ಬಾರಿಸುತ್ತಿದ್ದೆವು. ತಾಶಾದವರು ಲಯ ಏರಿಸಿದಾಗ ನನ್ನ ಎಣಿಕೆ ತಪ್ಪಿತು. ನೀನು ಗಮನಿಸಿದೆ. ಬಾರಿಸುತ್ತಲೇ ನನ್ನ ಕಡೆ ತಿರುಗಿ, ನಗುತ್ತ, ತುಟಿಯಲ್ಲೇ ಹೇಳಿದೆ — "ಎರಡು ಏಟು ಬಿಟ್ಟು ಹಿಡೀರಿ, ಅಕ್ಕ."

ಸಹಾಯ ಮಾಡಿದೆ ನೀನು. ಅಷ್ಟೇ. ನನಗೋ, ಸಾವಿರ ಜನರೆದುರು ಮೊನ್ನೆ ಬಂದ ಹುಡುಗಿ ಪಾಠ ಹೇಳಿಕೊಡುತ್ತಿದ್ದಾಳೆ ಅನ್ನಿಸಿ ಮೈಯೆಲ್ಲ ಉರಿದುಹೋಯಿತು. ಬಲಗೈಯಲ್ಲಿದ್ದ ಮೋಟು ಕೋಲನ್ನು ಢೋಲಿನ ಮೇಲೆ ಇಳಿಸಬೇಕಿತ್ತು. ಇಳಿಸಲಿಲ್ಲ. ತೋಳನ್ನು ಪೂರ್ತಿ ಬೀಸಿ ನಿನ್ನ ಮುಖಕ್ಕೆ ಹೊಡೆದೆ. ಕಣ್ಣಿಗೆ ಗುರಿಯಿಟ್ಟಿರಲಿಲ್ಲ — ಈ ವಾಕ್ಯವನ್ನೂ ಒಮ್ಮೆ ಹೊಡೆದುಹಾಕಿದ್ದೆ, ಏಕೆಂದರೆ ಇದರಿಂದ ನನ್ನ ಪಾಪವೇನೂ ಕಡಿಮೆಯಾಗುವುದಿಲ್ಲ. ಮುಖಕ್ಕೆ ಗುರಿಯಿಟ್ಟಿದ್ದೆ. ನನ್ನ ಬಲವೆಲ್ಲ ಅದರಲ್ಲಿತ್ತು.

ಎಲುಬಿಗೆ ಕೋಲು ಬಿದ್ದದ್ದು ಕೈಗೆ ಗೊತ್ತಾಗುತ್ತದೆ, ಶಾಂಭವಿ. ಇವತ್ತಿಗೂ ನನ್ನ ಮುಂಗೈಗೆ ಅದು ಗೊತ್ತು. ನೀನು ಢೋಲಿನ ಸಮೇತ ಮುಗ್ಗರಿಸಿ ಬಿದ್ದೆ. ಮುಖ ಮುಚ್ಚಿಕೊಂಡ ನಿನ್ನ ಬೆರಳುಗಳ ಸಂದಿಯಿಂದ ರಕ್ತ ಇಳಿದು ಬಿಳಿ ಕುರ್ತಾದ ತೋಳು ತೊಯ್ದುಹೋಯಿತು. ಹಿಂದಿನ ಸಾಲಿನವರಿಗೆ ಏನೂ ಕಾಣಿಸಲಿಲ್ಲ, ನೀನು ನೆಲದಲ್ಲಿ ಹೊರಳುತ್ತಿರುವಾಗಲೂ ನಲವತ್ತು ಢೋಲು ಗುಡುಗುತ್ತಲೇ ಇದ್ದವು. ದೂರದಲ್ಲಿ ನಿಂತಿದ್ದ ಹೊಸ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನೂ — ಇದನ್ನು ಹೇಗೆ ಹೇಳಲಿ — ಇನ್ನೂ ನಾಲ್ಕೈದು ಏಟು ಢೋಲಿಗೆ ಹಾಕಿದೆ.

ನಮ್ಮ ತಂಡದ ಕಟ್ಟಳೆ ನಿನಗೆ ಗೊತ್ತು. ಪಕ್ಕದವಳ ಕೋಲು ಬೀಸುವಷ್ಟು ಜಾಗ ಬಿಟ್ಟು ನಿಲ್ಲಬೇಕು, ತಾಶಾದವರು ಸನ್ನೆ ಮಾಡದೆ ಹೆಜ್ಜೆ ಕೀಳಬಾರದು. ಪೆಟ್ಟಾದರೆ ತಪ್ಪು ಸಾಲು ಬಿಟ್ಟವರದು. ಹಾಗಾಗಿ ಯಾರೂ 'ಯಾಕೆ ಹೊಡೆದೆ' ಎಂದು ಕೇಳಲೇ ಇಲ್ಲ. ಪ್ರಸಾದ್ ದಾದಾ ಕಿರುಚಿದ್ದು ಒಂದೇ ಮಾತು: "ಲೈನ್ ಕುಣೀ ತೋಡ್ಲೀ?" ಸಾಲು ಮುರಿದವರು ಯಾರು? ನಾನು ನಿನ್ನತ್ತ ಬೆರಳು ತೋರಿಸಿ, "ತೀಚ್ ಮಧೇ ಆಲೀ" ಎಂದೆ. ಇವಳೇ ಅಡ್ಡ ಬಂದಳು. ವಿಚಾರಣೆಯಲ್ಲೂ ಅದನ್ನೇ ಹೇಳಿದೆ, ಹಾಗೇ ಬರೆದುಕೊಂಡರು.

ಇಷ್ಟಕ್ಕೇ ನಿಂತಿದ್ದರೂ ನಾನು ಪಾಪಿಯೇ. ಆದರೆ ಆಸ್ಪತ್ರೆಯಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಏಟು ಬಿದ್ದ ಹೊತ್ತಿನದು ನಿನಗೆ ಏನೂ ನೆನಪಿರಲಿಲ್ಲ. ಮುಖದ ಅರ್ಧಕ್ಕೆ ಪಟ್ಟಿ ಕಟ್ಟಿದ್ದರು. ನನ್ನ ಕೈ ಹಿಡಿದುಕೊಂಡು ಕೇಳಿದೆ: "ಅಕ್ಕ, ನಾನೇ ಮುಂದೆ ಬಂದ್ಬಿಟ್ನಾ?"

ಇಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಎಂದಾದರೂ ಅನ್ನಬಹುದಿತ್ತು.

"ಹ್ಞೂಂ. ನೀನ ಮುಂದ ಬಂದಿ," ಎಂದೆ.

ನಿಮ್ಮಮ್ಮ ಅಲ್ಲೇ ಇದ್ದರು. "ಬಡ್ಕೊಂಡೆ ನಾನು, ಈ ಢೋಲು ಗೀಲು ಬೇಡ ಅಂತ! ನಿನ್ನ ಕೈಯಾರೆ ಕಣ್ಣು ಕಳ್ಕೊಂಡ್ಯಲ್ಲೇ!" ಎಂದು ಆ ಸ್ಥಿತಿಯಲ್ಲಿದ್ದ ನಿನ್ನ ಭುಜಕ್ಕೆ ಪಟಪಟನೆ ಹೊಡೆದರು, ಆಮೇಲೆ ತಮ್ಮ ಹಣೆಗೇ ಹೊಡೆದುಕೊಂಡರು. ಅದು ನನಗೆ ಬೀಳಬೇಕಾದ ಏಟು. ನಾನು ಗೋಡೆಗೆ ಒರಗಿ ನೋಡುತ್ತ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, "ನೀನೊಬ್ಬಳು ಜೊತೆಗಿದ್ಯಲ್ಲಮ್ಮ, ಪುಣ್ಯ" ಎನ್ನುತ್ತ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಕುಡಿದೆ. ಬಿಸಿಯಾಗಿತ್ತು, ಚೆನ್ನಾಗಿಯೂ ಇತ್ತು.

ಇದೆಲ್ಲ ಹಳೆಯ ತಪ್ಪು ಎಂದು ನನ್ನನ್ನೇ ನಂಬಿಸಿಕೊಂಡು, ಅದೇ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಕೆಲಸ ಹಿಡಿದು ಕೂತಿದ್ದೇನೆ. ಈ ವರ್ಷದ ಸ್ವಾಗತಕ್ಕೆ ಹುಡುಗಿಯರನ್ನು ತಯಾರು ಮಾಡಲು ನಿನ್ನನ್ನೇ ಕರೆಸಿದರು. ಕಳೆದ ವಾರ ನಾನು ಮೈದಾನಕ್ಕೆ ಇಳಿದು ಬಂದಾಗ ನೀನು ಅವರಿಗೆ ಹೇಳುತ್ತಿದ್ದೆ: "ಮೇರೀ ಆಂಖ್ ದೇಖೋ. ಮೈನೇ ಲೈನ್ ತೋಡೀ ಥೀ." ನನ್ನ ಕಣ್ಣು ನೋಡಿ, ಸಾಲು ಮುರಿದವಳು ನಾನು. ಹುಡುಗಿಯರು ಹೆದರಿ ಕಾಲು ಹಿಂದೆಳೆದುಕೊಂಡರು. ನೀನು ನಕ್ಕು ನನ್ನತ್ತ ಕೈ ತೋರಿಸಿದೆ — "ಚಾಹೋ ತೋ ದೀದೀ ಸೇ ಪೂಛೋ, ಬಗಲ್ ಮೇ ಹೀ ಥೀ." ಬೇಕಾದರೆ ಅಕ್ಕನನ್ನು ಕೇಳಿ, ಪಕ್ಕದಲ್ಲೇ ಇದ್ದರು.

ಅವರೆಲ್ಲ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೌದು ಎಂದು.

ಹಾಗಾಗಿ ಇದು ಹಳೆಯ ತಪ್ಪಲ್ಲ, ಶಾಂಭವಿ. ಕಳೆದ ವಾರದ ತಪ್ಪು. ಆಗ ವಯಸ್ಸು ಇಪ್ಪತ್ತಾಗಿರಲಿಲ್ಲ ಎನ್ನಬಹುದಿತ್ತು. ಈಗ ಏನು ಹೇಳಲಿ?

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಸಂಜೆ ಅಭ್ಯಾಸಕ್ಕೆ ಮುಂಚೆ ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ. ನೀನು ಬೇಡವೆಂದರೂ ಆ ಹುಡುಗಿಯರೆದುರು ಹೇಳುತ್ತೇನೆ. ಅಲ್ಲಿಂದ ಮನೀಶ್ ನಗರಕ್ಕೆ ಹೋಗಿ ನಿಮ್ಮಮ್ಮನಿಗೂ ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ. ಪೊಲೀಸರ ಬಳಿ ಹೋಗುವುದಾದರೆ ಹೋಗು, ಕೆಳಗೆ ರುಜು ಹಾಕಿದ್ದೇನೆ. ನೀನು ಹೊಡೆಯುವವಳಲ್ಲ — ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು.

ನೀನು ನಿಂತ ಜಾಗದಲ್ಲೇ ನಿಂತಿದ್ದೆ. ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ.

— ಸವಿತಾ