ಗಂಗವ್ವ ತೊಳೆದ ನನ್ನ ಕಾಲು

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬಂದ ಭಾನುವಾರದ ಮಾತು ಇದು. ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಇದನ್ನು ಬರೆಯುತ್ತೇನೆ ಅಂದಾಗ ನನ್ನ ಹೆಂಡತಿ, "ನಿಮ್ಮ ಮಾನಾ ನೀವ ಯಾಕ ಕಳಕೋತೀರಿ?" ಎಂದಳು. ಅವತ್ತೇ ಹೋದ ಮಾನ, ಇವತ್ತು ಹೊಸದಾಗಿ ಹೋಗುವುದೇನಿದೆ?

ಮರಾಠಿ ಸೀಮೆಯ ಮಿರಜದ ಪೇಟೆಯಲ್ಲಿ ನಮ್ಮದು ಭಾಂಡೆ, ಅಂದರೆ ಪಾತ್ರೆಗಳ ಅಂಗಡಿ. ಅಪ್ಪ ಹಾಕಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಹೊಟ್ಟೆ ಬಂತು. ಡಾಕ್ಟರು "ನಡೀರಿ" ಎಂದರು. ನನಗೆ ನಡೆಯುವುದೆಂದರೆ ಆಗಿಬರುವುದಿಲ್ಲ. ಆಗ ಸಾಂಗ್ಲಿಯ ಗೆಳೆಯನೊಬ್ಬ ಗ್ರಾವೆಲ್ ಬೈಕಿನ ಚಟ ಹಚ್ಚಿದ. ಬೈಕು ಅಂದರೆ ಮೋಟರ್‌ಸೈಕಲ್ ಅಲ್ಲ, ತುಳಿಯುವ ಸೈಕಲ್ಲೇ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ಟಯರು ದಪ್ಪ, ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವುದಕ್ಕೆಂದೇ ಮಾಡಿದ್ದು. ಮೊಬೈಲಿನಲ್ಲಿ ಸ್ಪೇನ್ ದೇಶದ ವಿಡಿಯೋ ನೋಡುವುದೂ ಅದರ ಜೊತೆಗೇ ಬಂತು. ಗುಡ್ಡಗಳ ನಡುವಿನ ಕಣಿವೆ, ಕಲ್ಲುಮನೆಗಳ ಹಳೆಯ ಊರು, ಧೂಳೆಬ್ಬಿಸಿಕೊಂಡು ಬರುವ ಸವಾರರು. "ಒಮ್ಮಿ ಹೋಗೂಣು" ಎಂದರೆ ಹೆಂಡತಿ, "ಮೊದ್ಲ ಇಲ್ಲೇ ಆರಗಕ್ಕ ಹೋಗಿ ಬರ್ರಿ, ಆಮ್ಯಾಲ ಸ್ಪೇನ್" ಎಂದು ನಗುತ್ತಿದ್ದಳು.

ಆ ಭಾನುವಾರ ಹಟಕ್ಕೆ ಬಿದ್ದು ಆರಗದ ಕಡೆಗೇ ಹೊರಟೆ. ಜೊತೆಗೆ ಬರುತ್ತೇವೆಂದ ಗೆಳೆಯರು ಕೈಕೊಟ್ಟರು. ಒಬ್ಬನೇ ಆದೆ. ಮೈಗಂಟುವ ಅಂಗಿ, ತೊಡೆಗಂಟುವ ಚಡ್ಡಿ, ಅಂಗಿಯ ಒಳಗೆ ಎದೆಬಡಿತ ಅಳೆಯುವ ಪಟ್ಟಿ. ಈ ಪಟ್ಟಿಗೆ ಎದೆಯ ನಡುವೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಬಡಿತ ಎಷ್ಟೆಂದು ಅದು ಕೈಗಡಿಯಾರಕ್ಕೆ ಹೇಳುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಜಂಗಮರು. ನಮ್ಮ ಕಡೆ ಐನಾರು ಅನ್ನುತ್ತಾರೆ. ಲಿಂಗಾಯತರ ಮನೆಗಳಲ್ಲಿ ಪೂಜೆಗೆ, ಊಟಕ್ಕೆ ಗೌರವದಿಂದ ಕರೆಯುವ ಮನೆತನ. ಚಿಕ್ಕಂದಿನಲ್ಲಿ ದೀಕ್ಷೆಯಾದಾಗಿನಿಂದ ನನ್ನ ಕೊರಳಲ್ಲಿ ಲಿಂಗವಿತ್ತು. ಸೈಕಲ್ ಬಂದ ಮೇಲೆ ಅದು ಈ ಪಟ್ಟಿಗೆ ತಾಗಿ ಕುಣಿಯತೊಡಗಿತು. ಸವಾರಿಯ ದಿನ ಮಾತ್ರ ಅಂತ ತೆಗೆದು ಕಪಾಟಿನಲ್ಲಿಟ್ಟೆ. ಆಮೇಲೆ ಉಳಿದ ದಿನವೂ ಅದು ಅಲ್ಲೇ ಉಳಿಯಿತು. ದಿನಾ ಪೂಜೆ ಮಾಡಿಯೇ ನೀರು ಮುಟ್ಟುವ ನನ್ನಪ್ಪನಿಗೆ ಇದು ಗೊತ್ತಿರಲಿಲ್ಲ.

ಲಿಂಗನೂರಿನ ಆಚೆ ಕಾಲುವೆಯ ಪಕ್ಕದ ಮಣ್ಣುದಾರಿ ಹಿಡಿದು ದಾರಿ ತಪ್ಪಿದೆ. ನೀರು ಮುಗಿದಿತ್ತು, ಬೆಳಿಗ್ಗೆ ಕುಡಿದ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಕತ್ತಲೆ ಬಂದಂತಾಗಿ ದ್ರಾಕ್ಷಿ ತೋಟದ ಪಕ್ಕದ ಮನೆಯೊಂದರ ಮುಂದೆ ಸೈಕಲ್ ಒರಗಿಸಿ ಕುಸಿದು ಕೂತೆ. ಬಾಗಿಲಲ್ಲಿ ಒಬ್ಬ ಮುದುಕಿ ನಿಂತು ದಾರಿ ನೋಡುತ್ತಿದ್ದಳು. "ಆಜೀ, ಪಾಣೀ ಮಿಳೇಲ ಕಾ?" ಎಂದು ಮರಾಠಿಯಲ್ಲಿ ನೀರು ಕೇಳಿದೆ.

"ಯಾಕ ಸಿಗೂದಿಲ್ಲ? ಬರ್ರಿ, ನೆರಳಿಗೆ ಕುಂದ್ರಿ" ಎಂದು ಕನ್ನಡದಲ್ಲೇ ಹೇಳಿ ತಂಬಿಗೆ ತಂದುಕೊಟ್ಟಳು. ನನ್ನ ವೇಷ ನೋಡಿ ನಗಲಿಲ್ಲ, ಅದೇ ದೊಡ್ಡದು. "ಯಾ ಊರ್ರೀ? ಯಾರ ಪೈಕಿ?"

"ಮಿರಜರಿ. ಸ್ವಾಮಿ ಅಂತ ಅಡ್ಡಹೆಸರು."

ಮುದುಕಿಯ ಕಣ್ಣು ಅರಳಿತು. "ಐನಾರೇನ್ರಿ?"

"ಹೌದರಿ" ಎಂದೆ. ಸ್ವಲ್ಪ ಜಂಬದಿಂದಲೇ ಎಂದೆ.

ಅವಳು ಎರಡೂ ಕೈ ಜೋಡಿಸಿ, "ಶಿವನ ಕಳಿಸ್ಯಾನ! ಬಾಳಾಸಾಹೇಬ, ಹೊರಗ ಬಾರೋ, ಐನಾರ ಬಂದಾರ!" ಎಂದು ಮಗನನ್ನು ಕೂಗಿದಳು. ಮಗ ಬಂದು ವಿಷಯ ಬಿಡಿಸಿ ಹೇಳಿದ. ಅವತ್ತು ಅವನ ತಂದೆ ತೀರಿಕೊಂಡು ವರ್ಷ. ಐನಾರಿಗೆ ಉಣ್ಣಿಸಿದ ಮೇಲೆ ಮನೆಯವರು ಉಣ್ಣಬೇಕು. ಬರಬೇಕಾದ ಸ್ವಾಮಿಗಳು ಬಿದ್ದು ಕಾಲು ಮುರಿದುಕೊಂಡು ದವಾಖಾನೆ ಸೇರಿದ್ದರು. ಇವನು ಮೋಟರ್‌ಸೈಕಲ್ ಮೇಲೆ ಊರೂರು ತಿರುಗಿದರೂ ಬೇರೆ ಯಾರೂ ಸಿಕ್ಕಿರಲಿಲ್ಲ.

"ಅವ್ವಗ ಸಕ್ಕರಿ ರೋಗ ಐತ್ರಿ. ಮುಂಜಾನಿಂದ ನೀರು ಬಿಟ್ರ ಏನೂ ಇಲ್ಲ. ಗುಳಗಿ ತಗೋ ಅಂದ್ರ ಕೇಳವಲ್ಲಳು" ಎಂದ ಅವನು. "ಐನಾರ ಉಣ್ಣದ ನಾ ಉಣ್ಣೂದಿಲ್ಲ ಅಂತಾಳ."

ಗಂಗವ್ವ (ಅದು ಆ ತಾಯಿಯ ಹೆಸರು) ನನ್ನ ಎದೆಯ ಕಡೆ ನೋಡಿದಳು. "ಲಿಂಗ ಐತಲ್ರಿ, ಅಪ್ಪಾರ?" ಎಂದು ಕೇಳಿದವಳು, ಬೆವರಿಗೆ ಅಂಟಿದ್ದ ಅಂಗಿಯ ಕೆಳಗೆ ಉಬ್ಬಿ ಕಾಣುತ್ತಿದ್ದ ಡಬ್ಬಿಯನ್ನು ಕಂಡು, "ಐತಿ ಐತಿ. ಐನಾರಿಗೆ ಇದನ್ನ ಕೇಳೂದೇನು! ತಪ್ಪಾತ್ರಿ" ಎಂದು ತಾನೇ ಗಲ್ಲ ಬಡಿದುಕೊಂಡಳು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಅದು ಒಂದು. ಈ ಮುದುಕಿ ಬೇಗ ಉಣ್ಣಲಿ ಅನ್ನುವುದೂ ಇತ್ತು, ಸುಳ್ಳಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ನಾಚಿಕೆ. ಇದು ಲಿಂಗವಲ್ಲ, ಎದೆಬಡಿತದ ಯಂತ್ರ ಅಂತ ಯಾವ ಬಾಯಿಂದ ಹೇಳಲಿ? ಹೌದೆಂಬಂತೆ ತಲೆ ಆಡಿಸಿದೆ.

ಬಾಳಾಸಾಹೇಬ ಒಗೆದ ಧೋತರ ಕೊಟ್ಟ. ಚಡ್ಡಿಯ ಮೇಲೇ ಸುತ್ತಿಕೊಂಡೆ. ಮಣೆಯ ಮೇಲೆ ಕೂರಿಸಿ, ಹಿತ್ತಾಳೆಯ ಪರಾತದಲ್ಲಿ ನನ್ನ ಕಾಲಿಡಿಸಿ, ಗಂಗವ್ವ ನೆಲಕ್ಕೆ ಕೂತು ತೊಳೆಯತೊಡಗಿದಳು. ಧೂಳು, ಬೆವರು, ಸೈಕಲ್ ಚೈನಿನ ಎಣ್ಣೆ. ಬೆರಳ ಸಂದಿಯನ್ನೂ ಬಿಡದೆ ತೊಳೆದಳು. ನನ್ನ ತಾಯಿಗಿಂತ ಹಿರಿಯಳು. ಕೊನೆಗೆ ಸುರಿದ ಶುದ್ಧ ನೀರನ್ನು ಬೊಗಸೆಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಕುಡಿದುಬಿಟ್ಟಳು.

ನನಗೆ ಎದ್ದು ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಸೊಸೆ ಎಡೆ ತಂದಿಟ್ಟಳು. ಗಂಗವ್ವ ವಿಭೂತಿ, ಬಿಲ್ವಪತ್ರೆ ಮುಂದಿಟ್ಟು, "ಲಿಂಗ ಪೂಜಿ ಮಾಡ್ಕೊಂಡು ಎಡಿ ತೋರಿಸಿ ಉಣ್ರಿ, ಅಪ್ಪಾರ" ಎಂದಳು. ಮೂವರೂ ಕೈ ಮುಗಿದು ನಿಂತರು. ಎಡಗೈಯ ಮೇಲೆ ಲಿಂಗ ಇಟ್ಟುಕೊಳ್ಳಬೇಕು. ಏನು ಇಟ್ಟುಕೊಳ್ಳಲಿ? ಅದೇ ಹೊತ್ತಿಗೆ ಕೈಗಡಿಯಾರ ಕೀಂ ಕೀಂ ಅಂತ ಕೂಗಿಕೊಂಡಿತು, ನನ್ನ ಎದೆಬಡಿತ ಮಿತಿ ಮೀರಿದೆಯೆಂದು.

"ತಾಯಿ, ನನ್ನ ಮೈಮ್ಯಾಲ ಲಿಂಗ ಇಲ್ಲ" ಎಂದೆ. ಅಂಗಿಯ ಜಿಪ್ಪು ಇಳಿಸಿ ಪಟ್ಟಿ ತೋರಿಸಿದೆ. ಅದು ಏನೆಂದೂ ಹೇಳಿದೆ.

ಬಾಳಾಸಾಹೇಬನ ಮುಖ ಕೆಂಪಾಯಿತು. "ಏನ್ ಮನಷ್ಯಾರ್ರೀ ನೀವು? ನಮ್ಮವ್ವ ಆ ನೀರು ಕುಡದ್ಲು! ಆವಾಗ ಬಾಯಿ ಇರಲಿಲ್ಲೇನು?" ಕೈ ಎತ್ತಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಗಂಗವ್ವ ಮಗನಿಗೆ, "ಕುಡದ್ನಿ, ಆತು. ನೀರು ಅದು, ಹೊಟ್ಟ್ಯಾಗ ಹೋಗಿ ನೀರ ಆಗತೈತಿ. ಬಿಡು" ಎಂದಳು. ನನ್ನ ಕಡೆ ತಿರುಗಿ, "ತಮ್ಮಾ, ಹಸದ ಬಂದೀ. ಆ ಎಡಿ ಬಿಟ್ಟು ಈಚೆ ಕುಂಡ್ರು. ಬ್ಯಾರೆ ತಾಟಿಗೆ ಹಾಕ್ತೇನಿ, ಉಣ್ಣು" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಣ್ಣು ಅಂದಳಲ್ಲ, ಅದು ಚುಚ್ಚಿತು. "ನೀವು?" ಎಂದು ಕೇಳಿದೆ. "ನಾ ಕಾಯ್ತೇನಿ. ಯಾರರ ಬರ್ತಾರ" ಎಂದು ಗೋಡೆಗೆ ಒರಗಿ ಕೂತಳು. ಹಣೆಯ ಮೇಲೆ ಬೆವರು ಮೂಡಿತ್ತು. ಸೊಸೆ ಸಕ್ಕರೆ ನೀರು ತಂದರೆ ಕೈಯಿಂದ ಸರಿಸಿದಳು.

ನನಗೆ ಹೊಳೆದದ್ದು ಒಂದೇ ದಾರಿ. ಅದರಷ್ಟು ಕಷ್ಟದ್ದು ಬೇರೊಂದಿರಲಿಲ್ಲ. ಅಂಗಳಕ್ಕೆ ಹೋಗಿ ಅಪ್ಪನಿಗೆ ಫೋನು ಹಚ್ಚಿದೆ. ಹೀಗೆ ಹೀಗೆ, ಒಬ್ಬ ಹಿರಿಯರು ಉಪವಾಸ ಇದ್ದಾರೆ, ನೀವು ಬರಬೇಕು ಎಂದೆ.

"ನೀ ಅಲ್ಲೇ ಅದೀಯಲ್ಲೋ. ನೀನ ಕುಂಡ್ರು. ಅಲ್ಲೀತನಾ ನಾ ಯಾಕ?"

"ನನ್ನ ಕೊರಳಾಗ ಲಿಂಗ ಇಲ್ರಿ, ಅಪ್ಪಾ."

"ಎಷ್ಟ ದಿನ ಆತು?" ಎಂದರು.

"ವರ್ಷ ಆಗಿರಬೇಕ್ರಿ."

"ದಾರಿ ಹೇಳು" ಎಂದರು. ಅಷ್ಟೇ.

ಅಪ್ಪ ನೆರೆಯವರ ರಿಕ್ಷಾದಲ್ಲಿ ಬಂದು ಇಳಿಯುವವರೆಗೆ ನಾನು ಸೈಕಲ್ಲಿನ ಹತ್ತಿರವೇ ನಿಂತಿದ್ದೆ. ಒಳಗೆ ಕೂರಲೂ ಆಗದ ಗಂಗವ್ವನನ್ನು ಚಾಪೆಯ ಮೇಲೆ ಒರಗಿಸಿದ್ದರು. ಅವಳಿಗೆ ಏನಾದರೂ ಆದರೆ ನನ್ನ ಗತಿಯೇನು ಅಂತ ಜೀವ ಬಾಯಿಗೆ ಬಂದಿತ್ತು. ಬಿಳಿ ಧೋತರ, ಹಣೆತುಂಬ ವಿಭೂತಿ, ಅಪ್ಪ ನನ್ನನ್ನು ನೋಡದೆ ಒಳಗೆ ಹೋದರು. ಗಂಗವ್ವ ಸೊಸೆಯ ಕೈ ಹಿಡಿದು ಎದ್ದಳು, ಪರಾತ ಎಳೆದುಕೊಂಡಳು. ಅಪ್ಪ ಮಣೆಯ ಮೇಲೆ ಕೂತವರು ಕಾಲು ಮುಂದೆ ಚಾಚಲಿಲ್ಲ.

"ನನ್ನ ಕಾಲು ತೊಳೀಬ್ಯಾಡ್ರಿ, ತಾಯಿ. ಹೊರಗ ನಿಂತಾನಲ್ಲ, ಅಂವಾ ನನ್ನ ಮಗ. ಮನಿಯೊಳಗ ಕಲಿಸಲಾರದಾಂವಗ ಪಾದಪೂಜಿ ಎದಕ್ಕ?"

ಬಾಗಿಲಲ್ಲಿ ನಿಂತು ಕೇಳಿದೆ. ಅಪ್ಪ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ನೋಡಿದೆ, ನನ್ನಿಂದಾಗಿ.

ಗಂಗವ್ವ ಮಾತ್ರ ಗಟ್ಟಿ. "ಮಗನ ತಪ್ಪಿಗೆ ನಮ್ಮ ಯಜಮಾನರನ್ನ ಉಪಾಸ ಇಡ್ತೀರೇನ್ರಿ? ಕಾಲು ಕೊಡ್ರಿ, ಅಪ್ಪಾರ" ಎಂದಳು. ಅಪ್ಪ ಕಾಲು ಕೊಟ್ಟರು. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಪೂಜೆ ಮಾಡಿ, ಎಡೆ ತೋರಿಸಿ, ಎರಡು ತುತ್ತು ತಿಂದವರೇ, "ಇನ್ನ ನೀವು ಉಣ್ರಿ, ತಾಯಿ, ನನ್ನ ಮುಂದ ಉಣ್ರಿ" ಎಂದು ಅವಸರ ಮಾಡಿದರು. ಗಂಗವ್ವ ಉಂಡಳು, ಗುಳಿಗೆ ನುಂಗಿದಳು. ಬಾಳಾಸಾಹೇಬ ಹೊರಗೆ ಬಂದು ನನಗೂ ಒಂದು ತಾಟು ಕೊಟ್ಟು ಹೋದ. ಚೆಲ್ಲುವ ಧೈರ್ಯವಾಗದೆ ಪೂರಾ ತಿಂದೆ.

ಅಪ್ಪ ಅಂದಿನಿಂದ ಇಂದಿನವರೆಗೆ ಆ ಮಾತು ಎತ್ತಿಲ್ಲ. ಮರುದಿನ ನಾನೇ ಸ್ನಾನ ಮಾಡಿ ಲಿಂಗ ಕಟ್ಟಿಕೊಂಡೆ. ಭಕ್ತಿಯಿಂದಲೋ ನಾಚಿಕೆಯಿಂದಲೋ, ನನಗೇ ಹೇಳಲಾಗದು. ಈ ವರ್ಷ ಬಾಳಾಸಾಹೇಬನ ಫೋನು ಬಂತು. "ಅವ್ವ ಇಬ್ರೂ ಬರ್ರಿ ಅಂದಾಳ್ರಿ. ನಿಮ್ಮನ್ನೂ ಮಣಿ ಮ್ಯಾಲ ಕುಂಡ್ರಸ್ತಾಳಂತ." ಅಂಗಡಿಯಲ್ಲಿ ಲಗ್ನದ ಗಿರಾಕಿ ಇದೆ ಎಂದು ನೆವ ಹೇಳಿ ಅಪ್ಪನೊಬ್ಬರನ್ನೇ ಕಳಿಸಿದೆ.

ಮೊನ್ನೆ ಅಂಗಡಿಯಲ್ಲಿ ಪಾತೇಲಿಯ ಮುಚ್ಚಳವೊಂದು ಉರುಳಿ ನನ್ನ ಕಾಲ ಹತ್ತಿರ ಬಿತ್ತು. ಕೊಳ್ಳಲು ಬಂದಿದ್ದ ಅಜ್ಜಿಯೊಬ್ಬರು ಎತ್ತಿಕೊಳ್ಳಲು ಬಗ್ಗಿದರು. ನಾನು ಗಾಬರಿಯಾಗಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡೆ. "ಯಾಕ್ರೀ, ಇಲಿ ಬಂತೇನು?" ಎಂದು ಅವರು ನಕ್ಕರು. ಹೌದರಿ ಎಂದೆ.